ತಂತಿಯೊಳಗಿನ ನೀರು

ಬೆಂಗಳೂರಿನ ಕಲ್ಯಾಣ ನಗರದ ಯಾವ ಅಡ್ಡರಸ್ತೆಗೆ ಹೊಕ್ಕರೂ ಒಂದಾದರೂ ಕಟ್ಟಡ ಏಳುತ್ತಿರುತ್ತದೆ. ಥರ್ಟಿ-ಫಾರ್ಟಿ ಸೈಟಿನ ಹಳೇ ಮನೆ ಕೆಡವಿ ನಾಲ್ಕು ಅಂತಸ್ತು, ಕೆಳಗೆ ಪಾರ್ಕಿಂಗು, ಮೇಲೆ ಪಿ.ಜಿ. ಅಥವಾ ಹೋಟೆಲು. ಪ್ಲಾಸ್ಟರಿಂಗ್ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಬಂದು ಗೋಡೆಯೊಳಗಿನ ಪೈಪುಗಳಲ್ಲಿ ಕೆಂಪು, ಹಳದಿ, ನೀಲಿ, ಕಪ್ಪು, ಹಸಿರು ತಂತಿ ಎಳೆಯುತ್ತಾನೆ. ಆ ತಂತಿ ಬರುವ ರಟ್ಟಿನ ಡಬ್ಬಿಯನ್ನು ಯಾರೂ ಓದುವುದಿಲ್ಲ. 90 ಮೀಟರ್, 1.5 ಸ್ಕ್ವೇರ್ ಎಂ.ಎಂ., ಐಎಸ್ 694, ಐಎಸ್‌ಐ ಗುರುತು, ಇಷ್ಟರ ಪಕ್ಕದಲ್ಲಿ ಇನ್ನೊಂದಿಷ್ಟು ಅಕ್ಷರಗಳಿರುತ್ತವೆ: ಎಫ್‌ಆರ್, ಅಥವಾ ಎಫ್‌ಆರ್‌ಎಲ್‌ಎಸ್, ಅಥವಾ ಎಚ್‌ಎಫ್‌ಎಫ್‌ಆರ್. ಗಿರಾಕಿ ಕೇಳುವುದು ರೇಟು, ಬ್ರ್ಯಾಂಡು, ಡಿಸ್ಕೌಂಟು. ನಮ್ಮ ಕಾಲದ ಬಲು ಜಾಣ್ಮೆಯ ಕಸುಬೊಂದು ಆ ಅಕ್ಷರಗಳ ಹಿಂದೆ ಇದೆ ಎಂಬುದನ್ನು ಹೇಳುವ ವ್ಯವಧಾನ ಅಂಗಡಿಯವರಿಗೂ ಇರುವುದಿಲ್ಲ.

ಅಂಗಡಿಯವರು ಒಂದು ಪ್ರಯೋಗವನ್ನಂತೂ ಮಾಡಿ ತೋರಿಸುತ್ತಾರೆ. ಒಂದು ಗೇಣು ತಂತಿ ಕತ್ತರಿಸಿ, ಜೇಬಿನಿಂದ ಲೈಟರ್ ತೆಗೆದು ಹಿಡಿಯುತ್ತಾರೆ. ತಂತಿಯ ಹೊದಿಕೆ ಕಪ್ಪಾಗಿ, ಸಣ್ಣಗೆ ಉರಿದು, ಲೈಟರ್ ತೆಗೆದ ಕೂಡಲೇ ಆರುತ್ತದೆ. ‘ನೋಡಿ ಸಾರ್, ಎಫ್‌ಆರ್ ಅಂದ್ರೆ ಇದು.’ ನೋಡುವವರಿಗೆ ನಂಬಿಕೆ ಬರುತ್ತದೆ. ಆದರೆ ಐಎಸ್‌ಐ ಗುರುತಿರುವ ಸಾದಾ ಪಿವಿಸಿ ತಂತಿಯೂ ಒಂಟಿಯಾಗಿ ಉರಿ ತಾಗಿಸಿದರೆ ಹೀಗೇ ಆರಬೇಕು. ಐಎಸ್ 694ರ ಷರತ್ತೇ ಅದು. ಒಂಟಿ ತಂತಿ ಗೆಲ್ಲುವ ಪರೀಕ್ಷೆಯನ್ನು ನಲವತ್ತು ತಂತಿಗಳ ಕಂತೆ ಸೋಲಬಹುದು. ಒಂದರ ಬಿಸಿ ಇನ್ನೊಂದನ್ನು ಕಾಯಿಸುತ್ತದೆ, ಉರಿ ಮೇಲೇರುತ್ತದೆ. ಎಫ್‌ಆರ್ (ಫ್ಲೇಮ್ ರಿಟಾರ್ಡೆಂಟ್, ಅಂದರೆ ಉರಿ ತಡೆಯುವುದು) ಎನ್ನುವುದರ ನಿಜವಾದ ಪಂದ್ಯ ಆ ಕಂತೆಯಲ್ಲಿದೆ. ಲೈಟರು ತೋರಿಸದ ಇನ್ನೂ ಒಂದು ಸಂಗತಿ ಉಂಟು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಉರಿಯುವುದು ಎಂದರೇನು ಅಂತ ನೋಡೋಣ. ಪ್ಲಾಸ್ಟಿಕ್ ಗಟ್ಟಿಯಾಗಿರುವಾಗ ಉರಿಯುವುದಿಲ್ಲ. ಪಾಲಿಥೀನ್ ಆಗಲಿ ಪಾಲಿಪ್ರೊಪಿಲೀನ್ ಆಗಲಿ ಇಂಗಾಲ ಮತ್ತು ಜಲಜನಕದ ಉದ್ದುದ್ದ ಸರಪಳಿ, ಪೆಟ್ರೋಲಿನ ದಾಯಾದಿ. ಕಾವು ಮುನ್ನೂರೈವತ್ತು, ನಾನೂರು ಡಿಗ್ರಿ ಮುಟ್ಟಿದಾಗ ಸರಪಳಿ ತುಂಡಾಗಿ ಅನಿಲ ಹೊರಡುತ್ತದೆ. ಅನಿಲ ಗಾಳಿಯ ಆಮ್ಲಜನಕದೊಂದಿಗೆ ಬೆರೆತು ಉರಿಯುತ್ತದೆ. ಆ ಉರಿಯ ಕಾವು ಕೆಳಗಿನ ಪ್ಲಾಸ್ಟಿಕ್ಕಿಗೆ ಮರಳಿ ತಟ್ಟಿ ಇನ್ನಷ್ಟು ಅನಿಲ ಎಬ್ಬಿಸುತ್ತದೆ. ಒಮ್ಮೆ ಹಿಡಿದ ಬೆಂಕಿ ತನ್ನ ಸೌದೆಯನ್ನು ತಾನೇ ಸಿದ್ಧಮಾಡಿಕೊಳ್ಳುತ್ತಾ ಸಾಗುವುದು ಹೀಗೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿದರೆ ಸಾಕು. ಪ್ಲಾಸ್ಟಿಕ್ಕನ್ನು ತಣ್ಣಗಿಡಬಹುದು, ಅನಿಲವನ್ನು ತೆಳುಮಾಡಬಹುದು, ಉರಿಯ ಒಳಗೇ ಕೈಹಾಕಿ ಅದರ ರಾಸಾಯನಿಕ ಕ್ರಿಯೆಯನ್ನು ಕೆಡಿಸಬಹುದು, ಇಲ್ಲವೆ ಮೇಲ್ಮೈಗೆ ಕರಿಯ ಪೊರೆ ಕಟ್ಟಿಸಿ ಗಾಳಿಗೂ ಅನಿಲಕ್ಕೂ ಬಾಗಿಲು ಹಾಕಬಹುದು. ಉರಿ ತಡೆಯುವ ಬೆರಕೆಗಳನ್ನು ಮಾಡುವವರ ಇಡೀ ಪಾಂಡಿತ್ಯ ಎಲ್ಲಿ ಕಡಿಯಬೇಕು, ಯಾವುದರಿಂದ ಕಡಿಯಬೇಕು ಎಂಬ ತೀರ್ಮಾನದಲ್ಲಿದೆ.

ಬೆರಕೆಯ ಅಗತ್ಯವೇ ಬೀಳದ ಪ್ಲಾಸ್ಟಿಕ್ಕುಗಳೂ ಇವೆ. ಕೆ.ಆರ್.ಪುರದ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಹೆಸರು ಹೇಳಿದರೆ ಹಳಬರ ಕಣ್ಣಿಗೆ ಕಟ್ಟುವುದು ಆ ಭಾರದ ಕರಿ ಫೋನು. ಅದರ ಮೈ ಬೇಕಲೈಟಿನದು. ಲಿಯೋ ಬೇಕಲ್ಯಾಂಡ್ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಬೆರೆಸಿ ಕಂಡುಕೊಂಡ ವಸ್ತು. ಅದರ ಅಣುಗಳು ಅಡ್ಡಡ್ಡವಾಗಿಯೂ ಹೆಣೆದುಕೊಂಡಿರುವುದರಿಂದ ಕಾಯಿಸಿದರೆ ಕರಗುವುದಿಲ್ಲ, ತೊಟ್ಟಿಕ್ಕುವುದಿಲ್ಲ, ಹೊತ್ತಿ ಕರಿಯಾಗಿ ಸುಮ್ಮನಾಗುತ್ತದೆ. ಮರದ ಹಲಗೆಯ ಮೇಲಿರುತ್ತಿದ್ದ ಗುಂಡನೆಯ ಕಪ್ಪು ಸ್ವಿಚ್ಚುಗಳೂ ಇದರವೇ. ಆಮೇಲೆ ಬಂದ ಬಿಳಿ ಸ್ವಿಚ್ಚುಗಳು ಹೆಚ್ಚಾಗಿ ಯೂರಿಯಾ ಫಾರ್ಮಾಲ್ಡಿಹೈಡಿನವು, ಅವೂ ಕರಗುವ ಜಾತಿಯಲ್ಲ. ಅವು ವಿಪರೀತ ಕಾದರೆ ಕೊಳೆತ ಮೀನಿನ ವಾಸನೆ ಹೊಡೆಯುತ್ತದೆ. ಮೀನು ತರದ ದಿನ ಮನೆಯಲ್ಲಿ ಆ ವಾಸನೆ ಬಂದರೆ ಗೀಸರಿನ ಸಾಕೆಟ್ಟಿನ ಹತ್ತಿರ ಒಮ್ಮೆ ಮೂಗು ಒಡ್ಡಿ ನೋಡುವುದು ಒಳ್ಳೆಯದು.

ಆದರೆ ಬೇಕಲೈಟನ್ನು ಬಗ್ಗಿಸಿ ತಂತಿಗೆ ಹೊದಿಸಲು ಬರುವುದಿಲ್ಲ, ನಿಮಿಷಕ್ಕೆ ನಾಲ್ಕಾರು ಪೀಸು ಮೋಲ್ಡ್ ಮಾಡಲೂ ಆಗುವುದಿಲ್ಲ. ಅಗ್ಗ, ಹಗುರ, ಮೆದು, ಬಣ್ಣಬಣ್ಣ, ಇವೆಲ್ಲ ಬೇಕಾದಾಗ ಕರಗುವ ಪ್ಲಾಸ್ಟಿಕ್ಕೇ ಗತಿ. ಕರಗುವ ಪ್ಲಾಸ್ಟಿಕ್ಕು ಹೊತ್ತಿಕೊಳ್ಳುತ್ತದೆ. ಬೆರಕೆಯ ಕಸುಬು ಹುಟ್ಟಿದ್ದು ಇಲ್ಲಿ.

ನನಗೆ ಈ ಕಸುಬಿನಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದ ವಸ್ತು ಒಂದು ಬಿಳಿ ಪುಡಿ. ಹೆಸರು ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ವ್ಯಾಪಾರದಲ್ಲಿ ಎಟಿಎಚ್ ಅನ್ನುತ್ತಾರೆ. ಇದಕ್ಕಾಗಿ ದೂರ ಹೋಗಬೇಕಿಲ್ಲ. ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತೆಗೆಯುವ ದಾರಿಯಲ್ಲಿ ಸಿಗುವುದೇ ಈ ಹೈಡ್ರೇಟು, ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆ ವಿಶೇಷ ಅಲ್ಯೂಮಿನಾ ಮತ್ತು ಹೈಡ್ರೇಟುಗಳಿಗೇ ಹೆಸರಾದದ್ದು. ಪುಡಿ ಮುಟ್ಟಿದರೆ ಒಣಗಿ ಹಗುರಾಗಿರುತ್ತದೆ, ಹಿಟ್ಟಿನಷ್ಟು ನಯ. ಆದರೆ ಅದರ ತೂಕದ ಮೂರನೇ ಒಂದು ಪಾಲಿಗಿಂತ ಹೆಚ್ಚು, ನಿಖರವಾಗಿ 34.6 ಶೇಕಡ, ನೀರು. ಆ ನೀರು ಅಣುವಿನೊಳಗೆ ಕಟ್ಟಿಹಾಕಿಕೊಂಡಿದೆ. ಸುಮಾರು 200 ಡಿಗ್ರಿ ದಾಟುವವರೆಗೆ ಅಲುಗುವುದಿಲ್ಲ. ದಾಟಿದ ಮೇಲೆ ಪುಡಿ ಒಡೆದು ಹಬೆ ಬಿಡುತ್ತದೆ. ಒಡೆಯುವಾಗ ಗ್ರಾಂ ಒಂದಕ್ಕೆ ಒಂದು ಕಿಲೋಜೂಲಿಗೂ ಹೆಚ್ಚು ಶಾಖ ಕುಡಿಯುತ್ತದೆ. ಹೊರಟ ಹಬೆ ಉರಿಯುವ ಅನಿಲವನ್ನು ತೆಳುವಾಗಿಸುತ್ತದೆ. ಉಳಿದ ಅಲ್ಯೂಮಿನಾ ಮೇಲ್ಮೈಯಲ್ಲಿ ಬೂದಿಯ ಪದರವಾಗಿ ಕೂರುತ್ತದೆ. ಒಂದೇ ಪುಡಿಯಿಂದ ಮೂರು ಕೆಲಸ, ವಿಷವೂ ಇಲ್ಲ, ಕರಿಹೊಗೆಯೂ ಇಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರನ್ನು ನೋಡಿ ನಾವು ನಗುತ್ತೇವೆ. ಇವರು ತಂತಿಯ ಹೊದಿಕೆಯೊಳಗೇ ಬಾವಿ ತೋಡಿಟ್ಟಿದ್ದಾರೆ.

ಎಷ್ಟು ನೀರು? ಒರಟು ಲೆಕ್ಕ ಹಾಕಬಹುದು. 1.5 ಸ್ಕ್ವೇರಿನ 90 ಮೀಟರ್ ಸುರುಳಿಯಲ್ಲಿ ತಾಮ್ರ ಬಿಟ್ಟು ಹೊದಿಕೆಯೇ ಆರುನೂರೈವತ್ತು-ಏಳುನೂರು ಗ್ರಾಂ ತೂಗುತ್ತದೆ. ಹ್ಯಾಲೊಜೆನ್ (ಕ್ಲೋರಿನ್, ಬ್ರೋಮಿನ್) ಇಲ್ಲದ ಎಚ್‌ಎಫ್‌ಎಫ್‌ಆರ್ ಹೊದಿಕೆಯಾದರೆ ಅದರಲ್ಲಿ 60 ಶೇಕಡದವರೆಗೂ ಈ ಪುಡಿ ಇರಬಹುದು. ಅಲ್ಲಿಗೆ ಒಂದು ಸುರುಳಿಯಲ್ಲಿ ಸುಮಾರು 140 ಮಿಲಿಲೀಟರ್ ನೀರು ಅಡಗಿದೆ. ಒಂದು ಲೋಟ ನೀರನ್ನು 90 ಮೀಟರ್ ಉದ್ದಕ್ಕೆ, ಒಂದು ಹನಿಯೂ ಸೋರದಂತೆ, ಹತ್ತಾರು ವರ್ಷ ಗೋಡೆಯೊಳಗೆ ಕಾಯುವಂತೆ ಹರಡಿಟ್ಟಿರುವ ಕೈಚಳಕ ಸಾಮಾನ್ಯವೇ?

60 ಶೇಕಡ ಎಂದ ಮಾತನ್ನು ಇನ್ನೊಮ್ಮೆ ನೋಡಿ. ಹೊದಿಕೆಯಲ್ಲಿ ಪ್ಲಾಸ್ಟಿಕ್ಕಿಗಿಂತ ಕಲ್ಲುಪುಡಿಯೇ ಹೆಚ್ಚು. ಆದರೂ ಅದು ಬೆರಳಿಗೆ ಸುತ್ತಿದರೆ ಬಿರುಕು ಬಿಡಬಾರದು, ಪೈಪಿನೊಳಗೆ ಎಳೆದರೆ ಹರಿಯಬಾರದು, ಕರೆಂಟು ಸೋರಬಾರದು. ಇದನ್ನು ಸಾಧಿಸುವ ಜಾಗ ಕಾಂಪೌಂಡಿಂಗ್ ಘಟಕ. ಉದ್ದನೆಯ ಬ್ಯಾರೆಲ್ಲಿನೊಳಗೆ ಅಕ್ಕಪಕ್ಕ ತಿರುಗುವ ಎರಡು ಸ್ಕ್ರೂಗಳಿರುವ ಎಕ್ಸ್‌ಟ್ರೂಡರ್ ಅಲ್ಲಿನ ಮುಖ್ಯ ಯಂತ್ರ. ಒಂದು ತುದಿಯ ಹಾಪರಿಗೆ ಇವಿಎ ಎಂಬ ಮೆದು ಪ್ಲಾಸ್ಟಿಕ್ಕಿನ ಅಥವಾ ಪಾಲಿಥೀನಿನ ದಾನಾ ಸುರಿಯುತ್ತಾರೆ. ಅದು ಕರಗಿ ಮೆತ್ತಗಾದ ಮೇಲೆ ಪಕ್ಕದ ಫೀಡರಿನಿಂದ ಪುಡಿ ಒಳಗೆ ಹೋಗುತ್ತದೆ. ಮೊದಲೇ ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಸ್ಕ್ರೂ ಸವೆಯುತ್ತದೆ, ಪುಡಿ ಗಂಟುಗಟ್ಟುತ್ತದೆ. ಪುಡಿಗೂ ಎಣ್ಣೆಸ್ವಭಾವದ ಪ್ಲಾಸ್ಟಿಕ್ಕಿಗೂ ಹೊಂದಿಕೆಯಾಗದ್ದರಿಂದ ಪ್ರತಿ ಕಣಕ್ಕೂ ಮುಂಚೆಯೇ ಸಿಲೇನ್ ಅಥವಾ ಸ್ಟಿಯರಿಕ್ ಆಮ್ಲದ ತೆಳು ಲೇಪ ಕೊಟ್ಟಿರುತ್ತಾರೆ. ಕಣದ ಗಾತ್ರವೋ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು.

ಇಕ್ಕಟ್ಟು ಕಾವಿನದು. ಪ್ಲಾಸ್ಟಿಕ್ ಚೆನ್ನಾಗಿ ಹರಿಯಬೇಕಾದರೆ ಕಾವು ಏರಿಸಬೇಕು. 200ರ ಹತ್ತಿರ ಹೋದರೆ ಪುಡಿ ಬಾಯಿಬಿಡುತ್ತದೆ. ಹೀಟರನ್ನು 160-170ಕ್ಕೆ ಇಟ್ಟರೂ ಸಾಲದು, ಸ್ಕ್ರೂ ಅರೆಯುವ ರಭಸಕ್ಕೇ ಬಿಸಿ ಹುಟ್ಟುತ್ತದೆ. ಆಪರೇಟರ್ ಮೀಟರನ್ನು ನೋಡುವುದಕ್ಕಿಂತ ಡೈನಿಂದ ಹೊರಬರುವ ಎಳೆಗಳನ್ನು ಹೆಚ್ಚು ನೋಡುತ್ತಾನೆ. ಎಳೆ ನುಣುಪಾಗಿ, ಮಂಕು ಬಿಳುಪಾಗಿ, ಒಂದೇ ದಪ್ಪಕ್ಕೆ ಇಳಿದು ನೀರಿನ ತೊಟ್ಟಿಗೆ ಹೋಗುತ್ತಿದ್ದರೆ ಸರಿ. ಮೈಮೇಲೆ ಸಣ್ಣ ಗುಳ್ಳೆ ಕಂಡಿತೋ, ಎಳೆ ಒರಟಾಗಿ ಉಬ್ಬಿತೋ, ಒಳಗೆ ಹಬೆ ಹುಟ್ಟಿದೆ ಎಂದು ಅರ್ಥ. ಬೆಂಕಿಗೆಂದು ಕಾದಿಟ್ಟ ನೀರು ಕಾರ್ಖಾನೆಯಲ್ಲೇ ಖರ್ಚಾಗುತ್ತಿದೆ. ತಕ್ಷಣ ಸ್ಕ್ರೂ ವೇಗ ಇಳಿಸಬೇಕು. ಆ ಲಾಟಿನ ದಾನಾ ಪಕ್ಕಕ್ಕೆ ಹೋಗಬೇಕು, ಹೋಗದಿದ್ದರೆ ಅದೇ ತಂತಿ ಯಾರದೋ ಮನೆಯ ಗೋಡೆ ಸೇರುತ್ತದೆ.

ಪಾಲಿಪ್ರೊಪಿಲೀನಿಗೆ ಇನ್ನೂ ಹೆಚ್ಚು ಕಾವು ಬೇಕು, ಆದ್ದರಿಂದ ಅದಕ್ಕೆ 300 ಡಿಗ್ರಿ ದಾಟಿದ ಮೇಲಷ್ಟೇ ನೀರು ಬಿಡುವ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಹಾಕುತ್ತಾರೆ. ಗಾಜಿನೆಳೆ ಸೇರಿಸಿದ ನೈಲಾನ್ 66 ಕರಗುವುದೇ 260ರ ಆಸುಪಾಸಿನಲ್ಲಿ. ಅದಕ್ಕೆ ರಂಜಕ, ಮೆಲಮೈನು, ಹೀಗೆ ಬೇರೆ ಸಂಸಾರ. ಪ್ರತಿ ಪ್ಲಾಸ್ಟಿಕ್ಕಿಗೂ ಅದರ ಕರಗುವ ಕಾವಿಗಿಂತ ಮೇಲೆ, ಒಡೆಯುವ ಕಾವಿಗಿಂತ ಸ್ವಲ್ಪ ಕೆಳಗೆ ಎಚ್ಚರಗೊಳ್ಳುವ ಕಾವಲುಗಾರ ಬೇಕು. ಆ ಕಿರಿದಾದ ಸಂದು ಹಿಡಿಯುವುದೇ ರೆಸಿಪಿ. ಕಂಪನಿಗಳು ಬಾಯಿಬಿಡದ ಗುಟ್ಟೂ ಅದೇ.

ಇನ್ನೊಂದು ಮನೆತನ ಹ್ಯಾಲೊಜೆನ್‌ಗಳದು, ಅಂದರೆ ಕ್ಲೋರಿನ್ ಮತ್ತು ಬ್ರೋಮಿನ್. ಇವು ತಣ್ಣಗಾಗಿಸುವ ಗೋಜಿಗೆ ಹೋಗದೆ ಸೀದಾ ಉರಿಯೊಳಗೆ ನುಗ್ಗುತ್ತವೆ. ಉರಿ ಮುಂದುವರಿಯುವುದು ಜಲಜನಕದ, ಹೈಡ್ರಾಕ್ಸಿಲ್‌ನ ಚುರುಕು ಕಣಗಳ ಓಡಾಟದಿಂದ. ಹೈಡ್ರೋಜನ್ ಬ್ರೋಮೈಡ್ ಅವನ್ನು ಹಿಡಿದು ಕೂರಿಸುತ್ತದೆ. ಆಂಟಿಮನಿ ಟ್ರೈಆಕ್ಸೈಡ್ ಎಂಬ ಇನ್ನೊಂದು ಬಿಳಿ ಪುಡಿ ಒಂಟಿಯಾಗಿ ಹೆಚ್ಚೇನೂ ಮಾಡದು. ಬ್ರೋಮಿನ್ನಿನ ಜೊತೆ ಸೇರಿದರೆ ಆವಿಯಾಗಿ ಮೇಲೆದ್ದು ಈ ಕೆಲಸವನ್ನು ಹಲವು ಪಟ್ಟು ಮಾಡುತ್ತದೆ. ಎಟಿಎಚ್ 60 ಭಾಗ ಬೇಕಾದ ಕಡೆ ಬ್ರೋಮಿನ್-ಆಂಟಿಮನಿ ಜೋಡಿ ಅದರ ಕಾಲುಭಾಗದಲ್ಲಿ ಕೆಲಸ ಮುಗಿಸುತ್ತದೆ, ಪ್ಲಾಸ್ಟಿಕ್ಕಿನ ಗಟ್ಟಿತನವೂ ಹೆಚ್ಚು ಕೆಡುವುದಿಲ್ಲ. ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಿಂದ ವೈಟ್‌ಫೀಲ್ಡಿನವರೆಗೆ ಲ್ಯಾಪ್‌ಟಾಪ್ ತಟ್ಟುತ್ತಿರುವ ಬಹುತೇಕರ ಬೆರಳ ಕೆಳಗೆ ಬ್ರೋಮಿನ್ ಇದೆ. ಒಳಗಿನ ಹಸಿರು ಸರ್ಕ್ಯೂಟ್ ಹಲಗೆಯ ಹೆಸರೇ ಎಫ್‌ಆರ್-4. ಅದರ ಎಪಾಕ್ಸಿಯಲ್ಲಿ ಬಹುಕಾಲದಿಂದ ಬ್ರೋಮಿನ್ ಬೆರೆತದ್ದಲ್ಲ, ಅಣುವಿಗೇ ಹೊಲಿದದ್ದು. ಬೆರೆಸಿದ್ದು ವರ್ಷಗಳಲ್ಲಿ ಮೆಲ್ಲಗೆ ಹೊರಗೆ ಜಾರಬಹುದು. ಹೊಲಿದದ್ದು ಜಾರುವುದು ಕಡಿಮೆ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಪಿವಿಸಿಯ ತೂಕದಲ್ಲಿ ಸುಮಾರು 57 ಶೇಕಡ ಕ್ಲೋರಿನ್ನೇ. ಆದ್ದರಿಂದ ಗಟ್ಟಿ ಪಿವಿಸಿ ಪೈಪು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ತಂತಿಗೆ ಮೆದು ಪಿವಿಸಿ ಬೇಕೆಂದು ಎಣ್ಣೆಯಂಥ ಮೃದುಕಾರಿ ಸೇರಿಸಿದಾಗ ಆ ಗುಣ ಬಹಳಷ್ಟು ಕಳೆದುಹೋಗುತ್ತದೆ. ಕಳೆದದ್ದನ್ನು ಆಂಟಿಮನಿ ಹಾಕಿ ಮರಳಿ ತಂದರೆ ಅದು ಎಫ್‌ಆರ್ ತಂತಿ. ಲೈಟರು ತೋರಿಸದ ಸಂಗತಿ ಎಂದೆನಲ್ಲ, ಅದು ಇಲ್ಲಿಂದ ಶುರುವಾಗುತ್ತದೆ. ಉರಿಯ ಕತ್ತನ್ನು ಅರ್ಧದಲ್ಲಿ ಹಿಸುಕಿದರೆ ಅರೆಬೆಂದ ಇಂಗಾಲ ಮಸಿಹೊಗೆಯಾಗುತ್ತದೆ. ಕ್ಲೋರಿನ್ ಹೈಡ್ರೋಜನ್ ಕ್ಲೋರೈಡ್ ಆಗಿ ಹೊರಟು, ಕಣ್ಣಿನ, ಗಂಟಲಿನ ತೇವ ಸಿಕ್ಕಿದಲ್ಲಿ ಆಮ್ಲವಾಗುತ್ತದೆ.

2010ರ ಫೆಬ್ರುವರಿ 23, ಮಂಗಳವಾರ ಮಧ್ಯಾಹ್ನ. ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್. ನಮ್ಮ ಪೂರ್ವ ಬೆಂಗಳೂರಿನವರಿಗೆ ಹೆಸರು ಹೇಳಿದರೆ ಸಾಕು. ವಿದ್ಯುತ್ ಕೇಬಲ್ಲುಗಳು ಮೇಲೇರುವ ಡಕ್ಟಿನಲ್ಲಿ ಬೆಂಕಿ ಹುಟ್ಟಿತು. ಬೆಂಕಿಗಿಂತ ಹೊಗೆ ಮುಂದೆ ಓಡಿತು; ಡಕ್ಟೇ ಅದಕ್ಕೆ ಚಿಮಣಿಯಾಗಿ ಮೇಲಿನ ಮಹಡಿಗಳನ್ನು ತುಂಬಿತು. ಉಸಿರಿಗಾಗಿ ಜನ ಕಿಟಕಿಯ ಗಾಜು ಒಡೆದರು, ಕೆಲವರು ಜಿಗಿದರು. 9 ಮಂದಿ ಸತ್ತರು. ಮಕ್ಕಳನ್ನು, ಸಂಗಾತಿಗಳನ್ನು ಕಳೆದುಕೊಂಡ ಕುಟುಂಬಗಳು ಸೇರಿ ಕಟ್ಟಿದ ‘ಬಿಯಾಂಡ್ ಕಾರ್ಲ್‌ಟನ್’ ಅಂದಿನಿಂದ ಅಗ್ನಿಸುರಕ್ಷತೆಯ ಮಾತನ್ನು ಬಿಡದೆ ಆಡುತ್ತಿದೆ. ನ್ಯೂಯಾರ್ಕಿನ ಟೆಲಿಫೋನ್ ಎಕ್ಸ್‌ಚೇಂಜೊಂದರಲ್ಲಿ 1975ರ ಫೆಬ್ರುವರಿ 27ರಂದು ಪಿವಿಸಿ ಕೇಬಲ್ಲುಗಳು ಹೊತ್ತಿದಾಗಲೂ ಜಗತ್ತು ಇದೇ ಪಾಠವನ್ನು ಕಂಡಿತ್ತು: ಉರಿ ತಲುಪದ ಕಡೆಗೂ ಹೊಗೆ ತಲುಪುತ್ತದೆ, ಮನುಷ್ಯರನ್ನೂ ಯಂತ್ರಗಳನ್ನೂ ಹಾಳುಮಾಡುತ್ತದೆ.

ಎಫ್‌ಆರ್ ಪಕ್ಕದಲ್ಲಿ ಎಲ್‌ಎಸ್ ಸೇರಿದ್ದು ಈ ಅರಿವಿನಿಂದ: ಕಡಿಮೆ ಹೊಗೆ. ಪಿವಿಸಿಗೇ ಎಟಿಎಚ್, ಜಿಂಕ್ ಬೋರೇಟ್ ಬೆರೆಸಿ ಮಸಿಯನ್ನು ಇಳಿಸುತ್ತಾರೆ. ನಯವಾದ ಸುಣ್ಣದ ಕಲ್ಲಿನ ಪುಡಿ ಬೆರೆಸಿ ಆಮ್ಲವನ್ನು ಹೊದಿಕೆಯಲ್ಲೇ ಹೀರಿಸುತ್ತಾರೆ. ನಮ್ಮ ಮಾನಕದ ಪ್ರಕಾರ ಎಫ್‌ಆರ್‌ಎಲ್‌ಎಸ್ ಹೊದಿಕೆ ಬಿಡುವ ಆಮ್ಲಾನಿಲ ತೂಕದಲ್ಲಿ 20 ಶೇಕಡ ಮೀರಬಾರದು, ಹೊಗೆಯ ಸಾಂದ್ರತೆ 60 ಶೇಕಡ ದಾಟಬಾರದು. ಇದಕ್ಕೂ ಮುಂದಿನ ಮೆಟ್ಟಿಲು ಎಚ್‌ಎಫ್‌ಎಫ್‌ಆರ್: ಪಿವಿಸಿಯೇ ಇಲ್ಲ, ಹ್ಯಾಲೊಜೆನ್ನೇ ಇಲ್ಲ, ನಾನು ಮೆಚ್ಚಿದ ಆ ನೀರುಪುಡಿಯದೇ ರಾಜ್ಯ. 2018ರಲ್ಲಿ ಇದಕ್ಕೆಂದೇ ಐಎಸ್ 17048 ಮಾನಕ ಬಂತು. ಬಿಸಿಲು, ಗಾಳಿ ಕಾಣದ ಕಡೆ ಇದರ ಬೆಲೆ ಗೊತ್ತಾಗುತ್ತದೆ. ಶಿವಾಜಿನಗರ, ಕಂಟೋನ್ಮೆಂಟ್, ಪಾಟರಿ ಟೌನ್ ಕೆಳಗೆ ನಾಗವಾರದವರೆಗೆ ಕೊರೆದಿರುವ ಸುಮಾರು 14 ಕಿಲೋಮೀಟರ್ ಮೆಟ್ರೊ ಸುರಂಗ ಎಂದರೆ ಕಿಟಕಿ ಒಡೆಯಲಾಗದ ಕಟ್ಟಡ. ಜಗತ್ತಿನ ಮೆಟ್ರೊ ಸುರಂಗಗಳಲ್ಲಿ ಸಾಮಾನ್ಯವಾಗಿ ಸಾದಾ ಪಿವಿಸಿ ಕೇಬಲ್ಲಿಗೆ ಜಾಗವಿಲ್ಲದಿರುವುದು ಇದಕ್ಕೇ.

ಮಾನಕ ಎಂದೆ. ಅದನ್ನು ಅಳೆಯುವ ವಿದ್ಯೆಯೂ ಸೊಗಸಾಗಿದೆ. ನಮ್ಮ ಊರಿನ ಸದಾಶಿವನಗರದಲ್ಲಿ 1960ರಿಂದ ಇರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಸಿಪಿಆರ್‌ಐ, ಇಂಥ ಪರೀಕ್ಷೆಗಳಿಗೆ ದೇಶದಲ್ಲೇ ಹೆಸರುವಾಸಿ. ಆಮ್ಲಜನಕ ಸೂಚ್ಯಂಕದ ಪರೀಕ್ಷೆ ಹೀಗೆ: ಗಾಜಿನ ಕೊಳವೆಯೊಳಗೆ ಪ್ಲಾಸ್ಟಿಕ್ಕಿನ ಸಣ್ಣ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಕೆಳಗಿನಿಂದ ಆಮ್ಲಜನಕ ಮತ್ತು ಸಾರಜನಕದ ಮಿಶ್ರಣ ಮೆಲ್ಲಗೆ ಮೇಲೇರುತ್ತದೆ. ಕಡ್ಡಿಯ ನೆತ್ತಿಗೆ ಬೆಂಕಿ ಹಚ್ಚಿ, ಆಮ್ಲಜನಕವನ್ನು ಒಂದಿಷ್ಟು ಹೆಚ್ಚಿಸಿ ಒಂದಿಷ್ಟು ತಗ್ಗಿಸಿ, ಎಷ್ಟಿದ್ದರೆ ಉರಿ ಆರದೆ ನಿಲ್ಲುತ್ತದೆ ಎಂದು ಹುಡುಕುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ 21 ಶೇಕಡ. ಪಾಲಿಥೀನಿಗೆ 17-18 ಸಾಕು, ಅದಕ್ಕೇ ಅದು ಎಲ್ಲೆಂದರಲ್ಲಿ ಉರಿಯುತ್ತದೆ. ಎಫ್‌ಆರ್ ತಂತಿಯ ಹೊದಿಕೆಗೆ ಕನಿಷ್ಠ 29 ಬೇಕು. ಸಾದಾ ಗಾಳಿಯಲ್ಲಿ ಅಷ್ಟು ಇಲ್ಲ, ಹಾಗಾಗಿ ತಾನೇ ಆರುತ್ತದೆ. ಆದರೆ ಕಾದ ಕೋಣೆಯಲ್ಲಿ ಈ 29 ಇಳಿಯುತ್ತಾ ಹೋಗುತ್ತದೆ. ಎಷ್ಟು ಡಿಗ್ರಿಗೆ ಅದು 21ಕ್ಕೆ ಬಂದು ಮುಟ್ಟುತ್ತದೆ ಎಂಬುದು ಇನ್ನೊಂದು ಪರೀಕ್ಷೆ. 250 ಡಿಗ್ರಿಗಿಂತ ಮೊದಲು ಮುಟ್ಟಿದರೆ ನಪಾಸು. ಲೈಟರಿನವರಿಗೂ ಪ್ರಯೋಗಾಲಯಕ್ಕೂ ಇರುವ ಅಂತರ ಇದು. ಕೇಬಲ್ ಕಂತೆಯ ಪರೀಕ್ಷೆಯಲ್ಲಂತೂ 3.5 ಮೀಟರ್ ಉದ್ದದ ತುಂಡುಗಳನ್ನು ಏಣಿಗೆ ಕಟ್ಟಿ, ಕೆಳಗೆ ದೊಡ್ಡ ಬರ್ನರ್ ಇಟ್ಟು, ನಿಮಿಷಗಟ್ಟಲೆ ಸುಟ್ಟು, ಕರಿಕು ಎಷ್ಟು ಎತ್ತರ ಏರಿತು ಎಂದು ಟೇಪು ಹಿಡಿಯುತ್ತಾರೆ. ಎರಡೂವರೆ ಮೀಟರ್ ದಾಟಬಾರದು.

ಮೋಲ್ಡ್ ಮಾಡಿದ ಸಾಮಾನುಗಳಿಗೆ ಅಮೆರಿಕದ ಯುಎಲ್-94 ಪರೀಕ್ಷೆಯೇ ಜಗತ್ತಿನ ಭಾಷೆ. ಮೊಬೈಲ್ ಚಾರ್ಜರಿನ ಪ್ಲಾಸ್ಟಿಕ್ ‘ವಿ-0’ ಎಂದರೆ ಇಷ್ಟು: ನೆಟ್ಟಗೆ ತೂಗುಹಾಕಿದ ಪಟ್ಟಿಗೆ 10 ಸೆಕೆಂಡು ಉರಿ ತಾಗಿಸಿ ತೆಗೆದರೆ 10 ಸೆಕೆಂಡಿನೊಳಗೆ ಆರಬೇಕು, ಎರಡನೇ ಸಲ ತಾಗಿಸಿದರೂ ಅಷ್ಟೇ. ಒಂದಡಿ ಕೆಳಗೆ ಹತ್ತಿ ಹರಡಿರುತ್ತಾರೆ, ಉರಿವ ಹನಿ ಬಿದ್ದು ಹತ್ತಿ ಹೊತ್ತಿದರೆ ಪದವಿ ಹೋಯಿತು. ಹನಿ ಬೀಳದಂತೆ ತಡೆಯುವ ಉಪಾಯ ನನಗೆ ತುಂಬ ಇಷ್ಟ. ಪಾಲಿಕಾರ್ಬೊನೇಟ್-ಎಬಿಎಸ್ ಮಿಶ್ರಣಕ್ಕೆ ರಂಜಕದ ಬೆರಕೆ ಹಾಕುತ್ತಾರೆ, ಅದು ಕಾದಾಗ ಮೇಲ್ಮೈಯಲ್ಲಿ ಇದ್ದಿಲಿನ ಪೊರೆ ಕಟ್ಟಿಸುತ್ತದೆ. ಜೊತೆಗೆ ಅರ್ಧ ಶೇಕಡಕ್ಕೂ ಕಡಿಮೆ ಪಿಟಿಎಫ್‌ಇ, ಅಂದರೆ ನಾನ್‌ಸ್ಟಿಕ್ ತವೆಯ ಆ ಟೆಫ್ಲಾನ್. ಎಕ್ಸ್‌ಟ್ರೂಡರಿನಲ್ಲಿ ಅರೆಯುವಾಗ ಅದು ಕಣ್ಣಿಗೆ ಕಾಣದ ನಾರುಗಳಾಗಿ ಹಿಗ್ಗಿ ಎಲ್ಲೆಡೆ ಹರಡಿಕೊಳ್ಳುತ್ತದೆ. ಬೆಂಕಿಯ ಕಾವು ತಟ್ಟಿದಾಗ ಆ ನಾರುಗಳು ಮತ್ತೆ ಕುಗ್ಗುತ್ತವೆ; ಕರಗಿ ಜೋಲುವ ಪ್ಲಾಸ್ಟಿಕ್ಕನ್ನು ಒಳಕ್ಕೆ ಎಳೆದು ಹಿಡಿಯುತ್ತವೆ. ಹನಿ ಬೀಳುವುದಿಲ್ಲ. ನಿಮ್ಮ ಗೋಡೆಯ ಮಾಡ್ಯುಲರ್ ಸಾಕೆಟ್ಟಿಗೆ ಕೆಂಡದ ತಂತಿಯ ಪರೀಕ್ಷೆ ಬೇರೆ ಇದೆ. ಕರೆಂಟಿನ ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ಕಿಗೆ 850 ಡಿಗ್ರಿಗೆ ಕಾದ ತಂತಿಯ ಕುಣಿಕೆಯನ್ನು ಒತ್ತುತ್ತಾರೆ.

ಈ ವಿದ್ಯೆ ಪ್ಲಾಸ್ಟಿಕ್ಕಿಗಿಂತ ಹಳೆಯದು. 1735ರಲ್ಲೇ ಇಂಗ್ಲೆಂಡಿನ ಒಬಾಡಯ ವೈಲ್ಡ್ ಎಂಬಾತ ಪಟಿಕ, ಬಿಳಿಗಾರಗಳ ಮಿಶ್ರಣಕ್ಕೆ ಪೇಟೆಂಟ್ ಪಡೆದಿದ್ದ. 1821ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗೇ-ಲುಸಾಕ್ ನಾಟಕಶಾಲೆಯ ಪರದೆಗಳು ಉರಿಯದಂತೆ ಅಮೋನಿಯಂ ಫಾಸ್ಫೇಟ್ ಹಚ್ಚಿ ನೋಡಿದ. ಇಂದಿನ ಜಿಂಕ್ ಬೋರೇಟಿನಲ್ಲಿರುವ ಬೋರಾನ್ ನಮ್ಮ ಅಕ್ಕಸಾಲಿಗರ ಬಿಳಿಗಾರದ್ದೇ.

ಮೆಚ್ಚುಗೆಯ ಮಾತಿನ ಮಧ್ಯೆ ಸಾಲದ ಲೆಕ್ಕವನ್ನೂ ಹೇಳಬೇಕು. 1973ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಪಿಬಿಬಿ ಎಂಬ ಬ್ರೋಮಿನ್ ಬೆರಕೆಯ ಚೀಲಗಳು ದನದ ಮೇವಿನಲ್ಲಿ ಬೆರೆತುಹೋಗಿ ಹಾಲು, ಮಾಂಸದ ಮೂಲಕ ಊರೂರಿನ ಮೈ ಸೇರಿದವು. 1977ರಲ್ಲಿ ಮಕ್ಕಳ ಮಲಗುವ ಬಟ್ಟೆಗೆ ಹಾಕುತ್ತಿದ್ದ ಟ್ರಿಸ್ ಎಂಬುದನ್ನು ನಿಲ್ಲಿಸಬೇಕಾಯಿತು. ಬೆರೆಸಿದ್ದು ಜಾರುತ್ತದೆ ಎಂದೆನಲ್ಲ, ಆ ಜಾತಿಯ ಹಲವು ಬ್ರೋಮಿನ್ ಬೆರಕೆಗಳನ್ನು ಬಹುಕಾಲ ಉಳಿಯುವ ವಿಷವಸ್ತುಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದ 2009, 2013, 2017ರಲ್ಲಿ ಹಂತಹಂತವಾಗಿ ನಿಷೇಧದ ಪಟ್ಟಿಗೆ ಹಾಕಿತು. ಭಾರತವೂ ಅವುಗಳಲ್ಲಿ ಕೆಲವನ್ನು 2018ರಲ್ಲಿ ನಿಷೇಧಿಸಿತು. ನಮ್ಮ ಇ-ತ್ಯಾಜ್ಯ ನಿಯಮಗಳಲ್ಲಿ ಪಿಬಿಬಿಗೂ ಪಿಬಿಡಿಇ ಎಂಬ ಬ್ರೋಮಿನ್ ಬೆರಕೆಗಳಿಗೂ 0.1 ಶೇಕಡದ ಮಿತಿ ಇದೆ. ಆದರೆ ಹಳೇ ಟಿ.ವಿ., ಮಾನಿಟರ್ ಬೆನ್ನಿನ ಕಪ್ಪು ಪ್ಲಾಸ್ಟಿಕ್ ಗುಜರಿ ಸೇರಿ, ಪುಡಿಯಾಗಿ, ಮತ್ತೆ ದಾನಾ ಆಗಿ ಹೊರಬರುವಾಗ ಆ ಹಳೇ ಬೆರಕೆಯೂ ಜೊತೆಗೆ ಬರುತ್ತದೆ. ಹೊರದೇಶಗಳಲ್ಲಿ ಕಪ್ಪು ಆಟಿಕೆ, ಕಪ್ಪು ಸೌಟುಗಳಲ್ಲಿ ಅದು ಪತ್ತೆಯಾದದ್ದಿದೆ. ಮನೆಯ ಹಳೇ ಎಲೆಕ್ಟ್ರಾನಿಕ್ ಸಾಮಾನನ್ನು ತೂಕಕ್ಕೆ ಹಾಕುವ ಬದಲು ಪರವಾನಗಿ ಇರುವ ಮರುಬಳಕೆದಾರರಿಗೆ ಕೊಡಿ ಎನ್ನುವುದಕ್ಕೆ ನನಗೆ ತಿಳಿದ ಅತಿ ಬಲವಾದ ಕಾರಣ ಇದು.

ಇನ್ನೂ ಒಂದು ಭ್ರಮೆ ಕಳಚಬೇಕು. ವಾಹನದ ಸೀಟು, ರೂಫಿನ ಬಟ್ಟೆಗೆ ಇರುವ ಷರತ್ತು ಉರಿಯಬಾರದೆಂದಲ್ಲ, ನಿಮಿಷಕ್ಕೆ ಸುಮಾರು 10 ಸೆಂಟಿಮೀಟರಿಗಿಂತ ವೇಗವಾಗಿ ಉರಿಯಬಾರದೆಂದಷ್ಟೇ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ವೋಲ್ವೊ ಬಸ್ಸು ಪಾಲೆಮ್ ಬಳಿ ಹೊತ್ತಿ 45 ಮಂದಿ ಬೆಂದುಹೋದರು. ಡೀಸೆಲ್ ಚೆಲ್ಲಿದ ಬೆಂಕಿಯೆದುರು ಯಾವ ಬೆರಕೆಯೂ ಬಹಳ ಹೊತ್ತು ನಿಲ್ಲದು. ಈ ಕಸುಬು ಕೊಡುವುದು ನಿಮಿಷಗಳನ್ನು. ಆ ನಿಮಿಷಗಳಲ್ಲಿ ಹೊರಬರಲು ಬಾಗಿಲು ತೆರೆದಿರಬೇಕು, ಮೆಟ್ಟಿಲು ಖಾಲಿ ಇರಬೇಕು. ಅದು ಕೆಮಿಸ್ಟನ ಕೈಯಲ್ಲಿಲ್ಲ. ನಮ್ಮ ಕಡೆಯ ರೂಫ್‌ಟಾಪ್ ಹೋಟೆಲುಗಳ ಥರ್ಮೊಕೋಲ್ ಅಲಂಕಾರ, ಪ್ಲಾಸ್ಟಿಕ್ ಹೂಬಳ್ಳಿ, ಒಂದೇ ಒಂದು ಕಿರಿದಾದ ಮೆಟ್ಟಿಲು ಇವನ್ನು ನೋಡಿದಾಗೆಲ್ಲ ನನಗೆ ಊಟಕ್ಕಿಂತ ಮೊದಲು ಕಣ್ಣು ಹೋಗುವುದು ಬಾಗಿಲ ಕಡೆಗೆ.

ಹೊಸದಾಗಿ ವೈರಿಂಗ್ ಮಾಡಿಸುವವರು ಬರೀ ಎಫ್‌ಆರ್‌ಗೆ ತೃಪ್ತರಾಗಬೇಡಿ. ಮನೆಗೆ ಕನಿಷ್ಠ ಎಫ್‌ಆರ್‌ಎಲ್‌ಎಸ್ ಕೇಳಿ. ಪಿ.ಜಿ., ನರ್ಸಿಂಗ್ ಹೋಂ, ಕೋಚಿಂಗ್ ಕ್ಲಾಸು, ಬೇಸ್‌ಮೆಂಟು ಇರುವವರು ಎಚ್‌ಎಫ್‌ಎಫ್‌ಆರ್‌ಗೆ ಹೋಗಿ. ಬೆಲೆ ಹೆಚ್ಚು, ಆದರೆ ಕಟ್ಟಡದ ಒಟ್ಟು ಖರ್ಚಿನಲ್ಲಿ ತಂತಿಯ ಪಾಲು ಗ್ರಾನೈಟಿನ ಪಾಲಿಗಿಂತ ಕಡಿಮೆ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಪ್ರತಿ ಮಹಡಿಯ ವಿದ್ಯುತ್ ಡಕ್ಟಿನ ಬಾಗಿಲು ತೆಗೆದು ನೋಡಿ. ಕೇಬಲ್ಲು ಹಾದುಹೋಗುವ ತೂತನ್ನು ಮಹಡಿ ಮಹಡಿಗೂ ಬೆಂಕಿ ತಡೆಯುವ ಗಾರೆಯಿಂದ ಮುಚ್ಚಬೇಕು ಎಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಎಷ್ಟೋ ಕಡೆ ಅಲ್ಲಿ ಸಿಗುವುದು ಹಳೇ ಪೇಪರು, ಪೊರಕೆ, ಚಪ್ಪಲಿ. ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಟ್ಯಾಂಕರ್ ಬಿಲ್ಲು, ಲಿಫ್ಟ್ ರಿಪೇರಿ ಮಾತಾದ ಮೇಲೆ ದಯವಿಟ್ಟು ಈ ವಿಷಯ ಎತ್ತಿ, ಆವತ್ತೇ ಹೋಗಿ ಆ ಬಾಗಿಲು ತೆಗೆಸಿ.